ಕತ್ತಿ ಹಿಡಿದ ಕೈ ಯಾರದು?

ಹೊನ್ನೆಮರಡಿನ ದಡದಲ್ಲಿ ಗಾಳಿ ಏಳುವ ಮೊದಲು ಶರಾವತಿಯ ಹಿನ್ನೀರು ಅಲುಗಾಡದೆ ಬಿದ್ದಿರುತ್ತದೆ. ಕಯಾಕು, ಹರಿಗೋಲುಗಳು ಇನ್ನೂ ನೀರಿಗಿಳಿಯದ ಹೊತ್ತು. ಟೆಂಟಿನಿಂದ ಎದ್ದುಬಂದ ಶಿಬಿರಾರ್ಥಿಗೆ ಆ ನೀರಲ್ಲೇ ಮುಖ ನೋಡಿಕೊಂಡು ಗಡ್ಡ ತೆಗೆದುಬಿಡೋಣ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಅವನ ಚೀಲದಲ್ಲಿರುವುದು ಮಡಚುವ ಕ್ಷೌರದ ಕತ್ತಿಯಾದರೆ ಆ ಆಸೆ ಬಿಡುವುದೇ ಕ್ಷೇಮ. ನೀರಿನ ಮೇಲೆ ಬಗ್ಗಿದವನ ಗದ್ದದ ಕೆಳಗಿನ ಚರ್ಮ ಸಡಿಲಾಗಿ ಜೋಲುತ್ತದೆ. ಈ ಕತ್ತಿಗೆ ಬೇಕಾದದ್ದು ತಮಟೆಯಂತೆ ಬಿಗಿದ ಚರ್ಮ. ಮರದ ಕೊಂಬೆಗೊಂದು ಕನ್ನಡಿ ಸಿಕ್ಕಿಸಿ, ಕತ್ತೆತ್ತಿ ನಿಂತು, ಎಡಗೈಯಿಂದ ಕೆನ್ನೆಯನ್ನು ಕಿವಿಯ ಕಡೆಗೆ ಎಳೆದು ಹಿಡಿಯಬೇಕು. ಆಮೇಲೆ ಉಳಿದ ಮಾತು.

ಹಾಗೆ ನಿಂತ ಗಳಿಗೆಯಲ್ಲಿ ಹೊಸಬನಿಗೆ ಒಂದು ಸಂಗತಿ ಹೊಳೆಯುತ್ತದೆ. ಗಂಟಲ ಬಳಿ ಬಂದಿರುವ ಬರಿಗತ್ತಿ ತನ್ನದು, ಅದನ್ನು ಹಿಡಿದ ಕೈಯೂ ತನ್ನದೇ. ಮಲೆನಾಡಿನಲ್ಲಿ ಅವನ ಮುತ್ತಜ್ಜನಿಗೆ ಈ ಅನುಭವ ಆಗಿದ್ದಿರಲಾರದು. ಆ ಕಾಲದಲ್ಲಿ ಗಂಟಲು ಒಬ್ಬರದು, ಕೈ ಇನ್ನೊಬ್ಬರದು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಆ ಇನ್ನೊಬ್ಬನಿಗೆ ‘ಕೆಲಸಿ’ ಎನ್ನುತ್ತಿದ್ದರು. ‘ಕೆಲಸ’ ಎಂಬ ಮಾತಿಗೇ ಅಂಟಿಕೊಂಡ ಹೆಸರು. ಊರೆಂದರೆ ಗುಡ್ಡಕ್ಕೊಂದು ಕಣಿವೆಗೊಂದು ಮನೆಯಿರುವ ಈ ಸೀಮೆಯಲ್ಲಿ ಕೆಲಸಿ ತನ್ನ ಕ್ಷೌರದ ಸಂಚಿಯಾದ ಹಡಪವನ್ನು ಕಂಕುಳಲ್ಲಿಟ್ಟುಕೊಂಡು ಮನೆಯಿಂದ ಮನೆಗೆ ನಡೆಯುತ್ತಿದ್ದ. ಊರಿಗೆ ಸೇವೆ ಮಾಡುವ ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ಕೂಲಿ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಧಾನ್ಯವಾಗಿ ಸಂದಾಯ. ಮಡಿವಂತರ ಮನೆಗಳಲ್ಲಿ ಅವನ ಜಾಗ ಅಂಗಳದ ಅಂಚು ಅಥವಾ ಹಿತ್ತಲು. ಕ್ಷೌರ ಮುಗಿಸಿ ಎದ್ದ ಯಜಮಾನ ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಬೇಕು. ಮಿಂದು ಬಂದ ಮೇಲೆ ಅವನು ಮೊದಲಿಗಿಂತ ಶುಚಿ. ಶುಚಿ ಮಾಡಿಕೊಟ್ಟವನು ಮಾತ್ರ ಬಂದಾಗ ಹೇಗಿದ್ದನೋ ಹಾಗೆಯೇ, ಅಂಗಳದ ಅಂಚಿನಲ್ಲಿ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ಸೀಮೆಯ ಊರುಗಳು ಮುಳುಗಿದಾಗ ಅಂಥ ಎಷ್ಟೋ ಅಂಗಳಗಳು ನೀರಿನಡಿಗೆ ಹೋದವು. ಮನೆಗಳು ಚದುರಿದ ಮೇಲೆ ಆಯದ ಲೆಕ್ಕಕ್ಕೆ ಅರ್ಥ ಉಳಿಯಲಿಲ್ಲ. ಆ ಅಂಗಳದ ಅಂಚಿನ ಪ್ರಶ್ನೆ ಮಾತ್ರ ಮುಳುಗಿಲ್ಲ. ಒಬ್ಬನ ಶುದ್ಧಿಗೆ ಇನ್ನೊಬ್ಬನ ಕೈ ಬೇಕಾದರೆ, ಆ ಶುದ್ಧಿ ಯಾರ ಗಳಿಕೆ?

ಪ್ರಶ್ನೆಯನ್ನು ತತ್ತ್ವಶಾಸ್ತ್ರದ ಕಡೆಯಿಂದ ಹಿಡಿಯುವ ಮೊದಲು ಕತ್ತಿಯ ಕಡೆಯಿಂದ ಹಿಡಿಯುವುದು ಒಳ್ಳೆಯದು. ಏಕೆಂದರೆ ಈ ಕತ್ತಿಯ ಬಗ್ಗೆ ಮಾತಾಡಿದ ಬಹುಪಾಲು ಪಂಡಿತರು ಅದನ್ನು ಹಿಡಿದವರಲ್ಲ.

ಕಲಿಯುವವನ ಮೊದಲ ಪಾಠ ಬಿಸಿನೀರಿನದು. ಎರಡು ಮೂರು ನಿಮಿಷ ಬಿಸಿನೀರಿನ ಬಟ್ಟೆ ಒತ್ತಿ ಹಿಡಿದರೆ ಕೂದಲು ನೀರು ಕುಡಿದು ಮೆತ್ತಗಾಗುತ್ತದೆ. ಆಮೇಲೆ ಬ್ರಷ್ಷಿನಲ್ಲಿ ಸೋಪಿನ ನೊರೆ. ಗುಳ್ಳೆ ಏಳುವ ತೆಳು ನೊರೆ ಸಾಲದು, ಗಟ್ಟಿ ಮೊಸರಿನಂತಿರಬೇಕು. ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ಇಡಬೇಕು. ಕೋನ ಹೆಚ್ಚಾದರೆ ಚರ್ಮ ಕೊಯ್ಯುತ್ತದೆ, ತೀರ ಕಡಿಮೆಯಾದರೆ ಕೂದಲನ್ನು ಎಳೆದು ಜಗ್ಗುತ್ತದೆ. ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು, ಕತ್ತಿಯ ಭಾರವೇ ಸಾಕು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುವ ಗಾದೆ ಬಟ್ಟೆಗೆ ಸರಿ, ಕೆನ್ನೆಗಲ್ಲ. ಇಲ್ಲಿ ಹುಮ್ಮಸ್ಸಿನಿಂದ ಒತ್ತಿದವನಿಗೆ ರಕ್ತವೇ ಉತ್ತರ. ಮೊದಲ ವಾರ ಎರಡು ಕೆನ್ನೆ ಮಾತ್ರ, ಉಳಿದದ್ದಕ್ಕೆ ಮಾಮೂಲಿ ರೇಜರು. ಗದ್ದ, ಮೇಲ್ದುಟಿ, ಗಂಟಲು ಆಮೇಲೆ. ಇನ್ನೂ ಅಂಜಿಕೆ ಇದ್ದರೆ ಊದಿದ ಬಲೂನಿಗೆ ನೊರೆ ಹಚ್ಚಿ ಅದನ್ನು ಹೆರೆದು ನೋಡಬಹುದು. ಬಲೂನು ಒಡೆದರೆ ಅವಮಾನ ಅಷ್ಟೇ, ಗಾಯವಿಲ್ಲ.

ಪ್ರತಿ ಸಲ ಶುರುಮಾಡುವ ಮೊದಲು ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಮೂವತ್ತು ನಲವತ್ತು ಸಲ ಎಳೆಯಬೇಕು: ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆ ಮುಟ್ಟಿದಾಗ ಕತ್ತಿಯನ್ನು ಬೆನ್ನಿನ ಮೇಲೆಯೇ ಉರುಳಿಸಿ ತಿರುಗಿಸಬೇಕು. ಬಾಯಿಯ ಮೇಲೆ ಉರುಳಿಸಿದರೆ ಪಟ್ಟಿಯೂ ಹೋಯಿತು, ಧಾರೆಯೂ ಹೋಯಿತು. ಹಳೆಯ ಕೆಲಸಿಗಳು ಇದನ್ನು ಅಂಗೈ ಮೇಲೆಯೇ ಮುಗಿಸುತ್ತಿದ್ದರು. ಕೆಲವು ತಿಂಗಳಿಗೊಮ್ಮೆ ಸಾಣೆಕಲ್ಲು. ಅದು ಬೇರೆಯೇ ವಿದ್ಯೆ. ಹೊಸಬ ಅದಕ್ಕೆ ಕೈಹಾಕದೆ ಬಲ್ಲವರಿಂದ ಮಾಡಿಸಿಕೊಳ್ಳುವುದು ಲೇಸು.

ಇಷ್ಟು ಶ್ರಮ ಯಾಕೆ ಬೇಕು ಎಂದು ವಿಜ್ಞಾನಿಗಳೂ ಕೇಳಿದ್ದಾರೆ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಉಕ್ಕಿನ ಬಾಯನ್ನು ಅದು ಮೊಂಡು ಮಾಡುತ್ತದೆ. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕಾರಣ ತೋರಿಸಿದರು: ಬಾಗಿದ ಕೂದಲು ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮವಾಗಿಲ್ಲದ ಜಾಗದಲ್ಲಿ ಅಂಚು ಚಿಕ್ಕದಾಗಿ ಚಕ್ಕೆ ಏಳುತ್ತದೆ. ಉಕ್ಕಿನ ಈ ಗುಟ್ಟಿನಲ್ಲಿ ಕನ್ನಡಕ್ಕೂ ಒಂದು ಪಾಲಿದೆ. ಪಾಶ್ಚಾತ್ಯರು ‘ವೂಟ್ಸ್’ ಎಂದು ಬರೆದುಕೊಂಡ ದಕ್ಷಿಣ ಭಾರತದ ಮೂಸೆಯ ಲೋಹದ ಹೆಸರು ನಮ್ಮ ‘ಉಕ್ಕು’ ಪದದಿಂದ ಬಂದದ್ದೆಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ 1820ರ ಆಸುಪಾಸಿನಲ್ಲಿ ಆ ಉಕ್ಕಿನ ಬೆನ್ನುಹತ್ತಿದ್ದ. ತಾನು ಬೆರೆಸಿದ ಉಕ್ಕಿನಿಂದ ರೇಜರುಗಳನ್ನು ಮಾಡಿಸಿ ಗೆಳೆಯರಿಗೆ ಕೊಡುತ್ತಿದ್ದ.

ಈಗ ಪಂಡಿತರ ಕಡೆಗೆ. ಕ್ಷೌರದ ಕತ್ತಿಯನ್ನು ತತ್ತ್ವದ ಮಾತಿಗೆ ತಂದವರಲ್ಲಿ ಎಲ್ಲರಿಗೂ ಗೊತ್ತಿರುವುದು ಕಠೋಪನಿಷತ್ತು. ಯಮ ನಚಿಕೇತನಿಗೆ ಆತ್ಮಜ್ಞಾನದ ದಾರಿ ಹರಿತವಾದ ಕ್ಷುರದ ಬಾಯಿಯಂತೆ, ದಾಟಲು ಕಷ್ಟ ಎನ್ನುತ್ತಾನೆ. ಶಂಕರರ ಭಾಷ್ಯ ಅದನ್ನು ಕಾಲಿಟ್ಟು ನಡೆಯಲಾಗದ ಹಾದಿ ಎಂದು ಬಿಡಿಸುತ್ತದೆ. ಸಾಮರ್‌ಸೆಟ್ ಮಾಮ್ 1944ರ ತನ್ನ ಕಾದಂಬರಿಗೆ ಹೆಸರು ತೆಗೆದದ್ದು ಇಲ್ಲಿಂದಲೇ.

ಕನ್ನಡಿ ಮುಂದೆ ನಿಂತ ಹೊಸಬ ಈ ಹೋಲಿಕೆಯನ್ನು ಬೇರೆ ರೀತಿ ಓದುತ್ತಾನೆ. ಅವನಿಗೆ ಹೇಳಿಕೊಟ್ಟ ಕಟ್ಟುನಿಟ್ಟಿನ ನಿಯಮವೊಂದಿದೆ: ಕತ್ತಿಯನ್ನು ಅದರ ಬಾಯಿಯ ಉದ್ದಕ್ಕೆ ಎಂದೂ ಜಾರಿಸಬೇಡ. ಬಾಯಿಗೆ ಅಡ್ಡಲಾಗಿ, ಸರಿಯಾದ ಕೋನದಲ್ಲಿ ಸಾಗುವ ಕತ್ತಿ ಚರ್ಮದ ಮೇಲೆ ತೇಲುತ್ತದೆ. ಅದೇ ಕತ್ತಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೆ ಸೀಳುತ್ತದೆ. ಅಂಚಿನ ಉದ್ದಕ್ಕೆ ನಡೆಯುವುದೆಂದರೆ ಕ್ಷೌರದಲ್ಲಿ ನಿಷಿದ್ಧವಾದ ಆ ಒಂದು ಚಲನೆಯೇ. ಉಪನಿಷತ್ತಿನ ಋಷಿಗೆ ಇದು ಗೊತ್ತಿತ್ತೋ ಇಲ್ಲವೋ, ಅವನ ತಲೆ ಬೋಳಿಸುತ್ತಿದ್ದವನಿಗಂತೂ ಗೊತ್ತಿದ್ದಿರಲೇಬೇಕು. ಆದರೆ ಹೋಲಿಕೆ ಗ್ರಂಥ ಸೇರಿತು, ಆ ಕೈ ಸೇರಲಿಲ್ಲ.

ವೇದಕಾಲದ ಎಲ್ಲ ಗ್ರಂಥಗಳೂ ಹಾಗೆ ಮರೆತವು ಎನ್ನುವುದು ಅನ್ಯಾಯ. ಅಥರ್ವವೇದದ ಆರನೆಯ ಕಾಂಡದಲ್ಲಿ ಕ್ಷೌರದ್ದೇ ಒಂದು ಚಿಕ್ಕ ಸೂಕ್ತವಿದೆ. ಅಲ್ಲಿ ಕತ್ತಿ ಹಿಡಿದು ಬರುವವನು ಸಾಕ್ಷಾತ್ ಸವಿತೃ ದೇವತೆ. ಬಿಸಿನೀರು ತರುವ ಕೆಲಸ ವಾಯುವಿನದು. ಕರ್ನಾಟಕದ ಕ್ಷೌರಿಕ ಸಮುದಾಯ ಇಂದು ‘ಸವಿತಾ ಸಮಾಜ’ ಎಂದು ಕರೆದುಕೊಳ್ಳುತ್ತದೆ, ರಥಸಪ್ತಮಿಯಂದು ಸವಿತಾ ಮಹರ್ಷಿ ಜಯಂತಿ ನಡೆಸುತ್ತದೆ. ‘ಹಜಾಮ’ ಎಂಬ ಮಾತನ್ನು ಬೈಗುಳವಾಗಿಸಿದ ಸಮಾಜಕ್ಕೆ ‘ಸವಿತಾ’ ಎಂಬ ಹೆಸರಿನಲ್ಲೇ ಒಂದು ಉತ್ತರವಿದೆ.

ಆಶ್ವಲಾಯನ ಗೃಹ್ಯಸೂತ್ರದ ಚೌಲವಿಧಿ ಇನ್ನೂ ಕುತೂಹಲದ್ದು. ಮಗುವಿನ ತಲೆಯ ಮೇಲೆ ದರ್ಭೆ ಇಟ್ಟು ‘ಕಾಪಾಡು’ ಎಂದು ಅದಕ್ಕೆ ಪ್ರಾರ್ಥನೆ. ಕತ್ತಿಯನ್ನು ಒತ್ತಿ ‘ಇವನನ್ನು ಹಿಂಸಿಸಬೇಡ’ ಎಂದು ಕತ್ತಿಗೇ ಪ್ರಾರ್ಥನೆ. ಮೊದಲ ಕೂದಲು ಕತ್ತರಿಸುವುದು ತಂದೆಯ ಕೈ. ಆಮೇಲೆ ಕ್ಷೌರಿಕನಿಗೆ ಒಪ್ಪಿಸಿ, ಗಾಯವಾಗದಂತೆ ಮುಗಿಸು ಎಂಬ ಸೂಚನೆ. ಕತ್ತಿಯನ್ನು ದೇವರಂತೆ ಬೇಡಿಕೊಂಡ ಆ ಕರ್ಮದಲ್ಲಿ ಕತ್ತಿ ಬಲ್ಲವನಿಗೆ ಸಿಕ್ಕಿದ್ದು ಸೂಚನೆ ಮಾತ್ರ.

ಕೂದಲನ್ನು ಬಿಡುವುದು ಎಂದರೆ ಲೋಕವನ್ನು ಬಿಡುವುದು ಎಂಬ ಅರ್ಥ ಭಾರತದ ಮೂರು ದೊಡ್ಡ ಸಂನ್ಯಾಸ ಪರಂಪರೆಗಳಲ್ಲೂ ಇದೆ. ಆದರೆ ತೆಗೆಯುವವರು ಯಾರು ಎಂಬಲ್ಲಿ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಆ ಭೇದ ಕಣ್ಣಿಗೆ ಕಟ್ಟುವಂತೆ ಕಾಣಬೇಕಾದರೆ ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ ಹೋಗಬೇಕು. ಸಾಂತರರ ರಾಜಧಾನಿಯಾಗಿದ್ದ ಹುಂಚ ಅದು. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಬಸದಿ, ಪದ್ಮಾವತಿಯ ಸನ್ನಿಧಿ, ಜೈನ ಮಠ ಎಲ್ಲ ಅಲ್ಲಿವೆ. ಅಂಥ ಕ್ಷೇತ್ರಗಳಿಗೆ ಬರುವ ದಿಗಂಬರ ಮುನಿಗಳು ಕತ್ತಿಯನ್ನು ಮುಟ್ಟುವುದಿಲ್ಲ. ಎರಡು, ಮೂರು, ಹೆಚ್ಚೆಂದರೆ ನಾಲ್ಕು ತಿಂಗಳಿಗೊಮ್ಮೆ, ಉಪವಾಸದ ದಿನ, ತಲೆ ಮತ್ತು ಗಡ್ಡದ ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಹಿಡಿತಕ್ಕೆ ಒಂದಿಷ್ಟು ಬೂದಿ. ಮುನಿಯ 28 ಮೂಲಗುಣಗಳಲ್ಲಿ ಈ ಕೇಶಲೋಚವೂ ಒಂದು. ತರ್ಕ ಸ್ಪಷ್ಟವಾಗಿದೆ: ಕತ್ತಿ ಇಟ್ಟುಕೊಂಡರೆ ಅದು ಆಸ್ತಿ, ಕ್ಷೌರಿಕನನ್ನು ಕರೆದರೆ ಅದು ಪರಾಧೀನತೆ, ಕೂದಲು ಬಿಟ್ಟರೆ ಹೇನು, ಹೇನಿದ್ದರೆ ಹಿಂಸೆ. ತನ್ನ ತ್ಯಾಗದ ನೋವನ್ನು ತಾನೇ ಉಣ್ಣಬೇಕು. ಕೇಶಲೋಚವನ್ನು ಹತ್ತಿರದಿಂದ ನೋಡುವುದು ಸುಲಭವಲ್ಲ. ಆದರೆ ‘ಯಾರ ಗಳಿಕೆ’ ಎಂಬ ಪ್ರಶ್ನೆಗೆ ಇಷ್ಟು ಖಡಾಖಂಡಿತ ಉತ್ತರ ಇನ್ನೆಲ್ಲೂ ಇಲ್ಲ.

ಬುದ್ಧ ಬೇರೆ ದಾರಿ ಹಿಡಿದ. ಭಿಕ್ಷುವಿಗೆ ಅನುಮತಿಸಿದ ಎಂಟು ಪರಿಕರಗಳಲ್ಲಿ ಮೂರು ಚೀವರ, ಭಿಕ್ಷಾಪಾತ್ರೆ, ಸೊಂಟಪಟ್ಟಿ, ಸೂಜಿ, ನೀರು ಸೋಸುವ ಬಟ್ಟೆಯ ಜೊತೆಗೆ ಕ್ಷೌರದ ಕತ್ತಿಯೂ ಇದೆ. ಅಂದರೆ ಕತ್ತಿ ಸಂಘದ ಒಳಗೇ ಬಂತು. ಕತ್ತಿಯವನೂ ಬಂದ. ಶಾಕ್ಯರ ಕ್ಷೌರಿಕ ಉಪಾಲಿ, ಅನುರುದ್ಧ, ಆನಂದ ಮೊದಲಾದ ರಾಜಕುಮಾರರ ಜೊತೆ ದೀಕ್ಷೆಗೆ ಹೋದಾಗ, ಇವನಿಗೇ ಮೊದಲು ದೀಕ್ಷೆ ಕೊಡಿ, ನಾವು ಇವನಿಗೆ ನಮಸ್ಕರಿಸಿ ನಮ್ಮ ಕುಲದ ಸೊಕ್ಕು ಇಳಿಯಲಿ ಎಂದು ಅವರೇ ಕೇಳಿಕೊಂಡ ಕಥೆ ವಿನಯಪಿಟಕದಲ್ಲಿದೆ. ಬುದ್ಧನ ನಂತರ ಮೊದಲ ಸಂಗೀತಿಯಲ್ಲಿ ಇಡೀ ವಿನಯವನ್ನು ಒಪ್ಪಿಸಿದವನು ಅದೇ ಉಪಾಲಿ.

ಮೂರನೆಯದು ತೀರ್ಥಹಳ್ಳಿಯಿಂದ ಹೆಚ್ಚು ದೂರವಿಲ್ಲದ ಶೃಂಗೇರಿಯ ಅದ್ವೈತ ಪರಂಪರೆಯದು. ಅಲ್ಲಿ ಯತಿಯ ಕ್ಷೌರ ಹುಣ್ಣಿಮೆಯ ಲೆಕ್ಕಕ್ಕೆ ಸೇರಿದ ಕರ್ಮ. ಚಾತುರ್ಮಾಸ್ಯದ ವ್ಯಾಸಪೂಜೆಗೂ ಮೊದಲು ಅದು ಆಗಬೇಕು. ಅದನ್ನು ಮಾಡುವುದು ಇನ್ನೊಬ್ಬನ ಕೈ. ಕೆಲವು ಸಂನ್ಯಾಸವಿಧಿಗಳಲ್ಲಿ ಶಿಖೆಯ ಕೊನೆಯ ಕೆಲವು ಕೂದಲನ್ನು ಮಾತ್ರ ಕತ್ತಿಗೆ ಬಿಡದೆ ಕೈಯಿಂದ ಕೀಳುವ ಕ್ರಮವಿದೆ. ಕೊನೆಯ ಎಳೆಯನ್ನಾದರೂ ತಾನೇ ಬಿಡಬೇಕು ಎಂದು ಆ ವಿಧಿ ಬರೆದವರಿಗೂ ಅನ್ನಿಸಿರಬೇಕು.

ಇಲ್ಲಿಯವರೆಗಿನ ತಲೆಗಳೆಲ್ಲ ಒಪ್ಪಿ ಬಾಗಿದವು. ಒಪ್ಪದೆ ಬಾಗಿದ ತಲೆಗಳ ಲೆಕ್ಕ ಬೇರೆ, ಮತ್ತು ಅದರ ದೊಡ್ಡ ಸಾಕ್ಷಿಗಳು ಈ ಸೀಮೆಯಲ್ಲೇ ಹುಟ್ಟಿವೆ. ತೀರ್ಥಹಳ್ಳಿಯ ಎಂ.ಕೆ. ಇಂದಿರಾ 1976ರಲ್ಲಿ ‘ಫಣಿಯಮ್ಮ’ ಬರೆದರು. ಬಾಲ್ಯದಲ್ಲೇ ವಿಧವೆಯಾದ ನಿಜ ಜೀವದ ಒಬ್ಬ ಹೆಂಗಸಿನ ಬದುಕು ಅದಕ್ಕೆ ಆಧಾರ. ಫಣಿಯಮ್ಮ ತಾನು ಬೋಳಿಸಿಕೊಂಡೇ ಬದುಕಿದರೂ, ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರ ನಿಲ್ಲುತ್ತಾಳೆ. 1983ರಲ್ಲಿ ಪ್ರೇಮಾ ಕಾರಂತ ಅದನ್ನು ಚಿತ್ರ ಮಾಡಿದರು. ಅದಕ್ಕೂ ಮೊದಲು, 1977ರಲ್ಲಿ, ಇದೇ ತಾಲ್ಲೂಕಿನ ಗಿರೀಶ ಕಾಸರವಳ್ಳಿ ಇದೇ ತಾಲ್ಲೂಕಿನ ಯು.ಆರ್. ಅನಂತಮೂರ್ತಿಯವರ ಕತೆಯಿಂದ ‘ಘಟಶ್ರಾದ್ಧ’ ಮಾಡಿ ಸ್ವರ್ಣಕಮಲ ಪಡೆದರು. ಕೊನೆಯಲ್ಲಿ ತಲೆ ಬೋಳಿಸಲ್ಪಟ್ಟು ಒಬ್ಬಳೇ ಕೂತ ಯಮುನೆಯನ್ನು ನೋಡಿದವರು ಮರೆಯುವುದಿಲ್ಲ. ಶಾಸ್ತ್ರ ಹೇಳಿದವರು ಬೇರೆ, ಕತ್ತಿ ಹಿಡಿದವರು ಬೇರೆ, ತಲೆ ಮೂರನೆಯವಳದು. ಮೂವರಲ್ಲಿ ಬಾಯಿ ಇದ್ದದ್ದು ಮೊದಲಿನವರಿಗೆ.

ಒಮ್ಮೆ ಮಾತ್ರ ಎರಡನೆಯವರಿಗೂ ಬಾಯಿ ಬಂತು. 1890ರಲ್ಲಿ ಮುಂಬೈನಲ್ಲಿ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳತ್ವದಲ್ಲಿ ಕ್ಷೌರಿಕರು ಸಭೆ ಸೇರಿದರು. ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿರ್ಧರಿಸಿದರು. ಸುಧಾರಕರು ಎಷ್ಟೋ ವರ್ಷ ಶಾಸ್ತ್ರಾರ್ಥ ಮಾಡಿ ಸುಸ್ತಾಗಿದ್ದ ವಿಷಯ ಅದು. ಅಲ್ಲಿಯವರೆಗೆ ಯಾರೂ ಕೈಯ ಅಭಿಪ್ರಾಯ ಕೇಳಿರಲಿಲ್ಲ.

ಕಲ್ಯಾಣದಲ್ಲಿ ಕೇಳಿದ್ದರು ಎನ್ನುತ್ತದೆ ಶರಣ ಪರಂಪರೆ. ಹನ್ನೆರಡನೆಯ ಶತಮಾನದ ಹಡಪದ ಅಪ್ಪಣ್ಣ ಬಸವಣ್ಣನ ಆಪ್ತ. ಕ್ಷೌರಿಕನ ಮುಖ ಕಂಡರೆ ಅಪಶಕುನ ಎಂದು ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಬಸವಣ್ಣನನ್ನು ಕಾಣಬೇಕಾದವರು ಮೊದಲು ಅಪ್ಪಣ್ಣನನ್ನು ಕಂಡೇ ಬರಬೇಕಿತ್ತು ಎಂಬ ಕಥೆ ಪ್ರಚಾರದಲ್ಲಿದೆ. ‘ಹಡಪ’ ಎಂದರೆ ಎಲೆಯಡಕೆಯ ಸಂಚಿಯೋ ಕ್ಷೌರದ ಸಂಚಿಯೋ ಎಂದು ಪಂಡಿತರು ಚರ್ಚಿಸಲಿ. ಸಮುದಾಯ ಮಾತ್ರ ಅವನನ್ನು ತನ್ನವನೆಂದೇ ಎತ್ತಿಕೊಂಡಿದೆ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಅವನ ಹೆಸರಿನ ಗುರುಪೀಠವಿದೆ. ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಅಂಕಿತದಲ್ಲಿ ಅವನ ವಚನಗಳು ಉಳಿದಿವೆ, ಹೆಂಡತಿ ಲಿಂಗಮ್ಮನ ವಚನಗಳೂ ಉಳಿದಿವೆ. ಆಕೆಯ ಅಂಕಿತದಲ್ಲಿ ಗಂಡನ ಹೆಸರೇ ಕೂತಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಕತೆ ಬಹಳ ಚಂದವಾಗಿಬಿಡುತ್ತದೆ. ಅಂಗಳದ ಅಂಚಿನಲ್ಲಿ ನಿಂತ ಕತ್ತಿ ತನಗಿಂತ ಆಚೆ ನಿಂತವರನ್ನು ಕಂಡಾಗ ತಾನೂ ಮಡಿ ಮಾಡಿದೆ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರದಂಗಡಿಯ ಕುರ್ಚಿ ಸಿಗದ ಪ್ರಕರಣಗಳು ಇಂದಿಗೂ ಪೊಲೀಸ್ ಠಾಣೆ ಹತ್ತುತ್ತವೆ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೆಯ ಕಲಮಿನ ಪ್ರಕಾರ ಅಪರಾಧ. ಎಷ್ಟೋ ಕಡೆ ಅಂಗಡಿಯವನ ಹಿಂದೆ ಊರಿನ ದೊಡ್ಡವರ ಒತ್ತಡ ಇರುತ್ತದೆ ಎಂಬುದು ನಿಜ. ಆದರೆ ಮುಂಬೈಯಲ್ಲಿ ಕೈ ‘ಇಲ್ಲ’ ಎಂದದ್ದಕ್ಕೆ ಅದಕ್ಕೆ ಗೌರವ ಸಲ್ಲುವುದಾದರೆ, ಇಲ್ಲಿ ‘ಇಲ್ಲ’ ಎಂದದ್ದಕ್ಕೆ ಜವಾಬ್ದಾರಿಯೂ ಅದರದೇ.

1903ರಲ್ಲಿ, ಮಾರಾಟದ ಮೊದಲ ವರ್ಷ, ಜಿಲೆಟ್ ಕಂಪನಿ ಮಾರಿದ್ದು 51 ರೇಜರು, 168 ಬ್ಲೇಡು. ಅಲ್ಲಿಂದ ಮುಂದೆ ಜಗತ್ತಿನ ಗಂಡಸರು ನಿಧಾನವಾಗಿ ತಮ್ಮ ಗಡ್ಡವನ್ನು ತಾವೇ ತೆಗೆಯಲು ಕಲಿತರು. ಇನ್ನೊಬ್ಬರ ಕೈಯ ಪ್ರಶ್ನೆ ಬಗೆಹರಿಯದೆಯೇ ಬಚ್ಚಲಿನ ಗೂಡಿನಲ್ಲಿ ಕೂತಿತು. 1990ರ ದಶಕದಲ್ಲಿ ಎಚ್‌ಐವಿ ಬಗ್ಗೆ ಅರಿವು ಹರಡಿದ ಮೇಲೆ ಅಂಗಡಿಗಳಲ್ಲೂ ಹಳೆಯ ಕತ್ತಿ ಹಿಂದೆ ಸರಿಯಿತು. ಈಗ ಬ್ಲೇಡನ್ನು ಎರಡಾಗಿ ಮುರಿದು ಅರ್ಧ ಸಿಕ್ಕಿಸುವ ಕತ್ತಿ, ಪ್ರತಿ ಗಿರಾಕಿಗೂ ಹೊಸ ಬ್ಲೇಡು. ಸಾಣೆ ಹಿಡಿಯುವ ವಿದ್ಯೆ ಕುಲದ ಕೈಯಿಂದ ಜಾರಿ ಹವ್ಯಾಸಿಗಳ ಕೈಗೆ ಬಂದದ್ದು ಹೀಗೆ.

ಹಾಗಾಗಿ ಕನ್ನಡಿಯ ಮುಂದೆ ಮಡಚುಗತ್ತಿ ಹಿಡಿದು ನಿಂತ ಇಂದಿನ ಹೊಸಬ ತನಗೆ ತಿಳಿಯದೆಯೇ ಎರಡು ಜಾಗದಲ್ಲಿ ನಿಂತಿದ್ದಾನೆ. ಅವನು ಯಜಮಾನ, ಅವನೇ ಕೆಲಸಿ. ಮುಗಿದ ಮೇಲೆ ಅವನೂ ಮೀಯುತ್ತಾನೆ. ಮುತ್ತಜ್ಜ ಯಾವ ಮೈಲಿಗೆಯನ್ನು ತೊಳೆದುಕೊಳ್ಳಲು ಬಚ್ಚಲಿಗೆ ಓಡುತ್ತಿದ್ದನೋ ಅದು ಕೂದಲಲ್ಲಿ ಇದ್ದಿದ್ದರೆ ಇವನ ಭುಜದ ಮೇಲೂ ಇರಬೇಕು. ಕತ್ತಿಯಲ್ಲಿ ಇದ್ದಿದ್ದರೆ ಇವನ ಕೈಯಲ್ಲೂ ಇರಬೇಕು. ಮರಿಮಗ ಹುಡುಕಿದರೆ ಅವನಿಗೆ ಸಿಗುವುದು ಒಂದಿಷ್ಟು ನೊರೆ, ಗದ್ದದ ಬಳಿ ಒಂದು ಸಣ್ಣ ಗೀರು. ಗೀರಿಗೆ ತಣ್ಣೀರು ಹಾಕಿ ಪಟಕದ ಕಲ್ಲು ಉಜ್ಜಿದರೆ ಉರಿಯುತ್ತದೆ, ರಕ್ತ ನಿಲ್ಲುತ್ತದೆ.

ಕಲಿಯುವ ಆಸೆ ಇದ್ದವರಿಗೆ ಒಂದು ಮಾತು. ಕತ್ತಿ ಕೊಳ್ಳುವ ಮೊದಲು ಸಾಗರದಲ್ಲೋ ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ವಯಸ್ಸಾದ ಒಬ್ಬ ಕ್ಷೌರಿಕರ ಅಂಗಡಿಗೆ ಹೋಗಿ ಕೂತು ಗಡ್ಡ ತೆಗೆಸಿಕೊಳ್ಳಿ. ಅವರ ಬಲಗೈ ಬಿಟ್ಟು ಎಡಗೈಯನ್ನು ನೋಡಿ; ಚರ್ಮವನ್ನು ಎಲ್ಲಿ ಹಿಡಿಯುತ್ತಾರೆ, ಯಾವಾಗ ಬಿಡುತ್ತಾರೆ ಎಂಬುದು ಪುಸ್ತಕದಿಂದ ಬರುವುದಿಲ್ಲ. ಹಳೆಯ ಕತ್ತಿಗೆ ಹೇಗೆ ಸಾಣೆ ಹಿಡಿಯುತ್ತಿದ್ದರು ಎಂದು ಕೇಳಿ, ಕೇಳಿದ್ದಕ್ಕೂ ಸೇರಿಸಿ ದುಡ್ಡು ಕೊಡಿ. ಮಂಗಳವಾರ ಮಾತ್ರ ಹೋಗಬೇಡಿ, ಅಂಗಡಿ ಮುಚ್ಚಿರುತ್ತದೆ.